ವ್ಯಾನಿಟಿ ಬ್ಯಾಗಿನೊಳಗಿನ ಪಿಸ್ತೂಲು

ನಾನು ಕೊಡಗಿನವಳು. ಕೋವಿ ಕಂಡರೆ ಬೆಚ್ಚಿಬೀಳುವವಳಲ್ಲ. ನನ್ನ ತೌರುಮನೆಯ ನಡುಮನೆಯ ಗೋಡೆಯ ಮೇಲೆ ಅಪ್ಪನ ಜೋಡುನಳಿಗೆಯ ಕೋವಿ ತೂಗುತ್ತಿತ್ತು. ಬಂದವರು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರೆ ಮೊದಲು ಕಣ್ಣಿಗೆ ಬೀಳುತ್ತಿದ್ದುದೇ ಅದು. ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಸೆಪ್ಟೆಂಬರಿನಲ್ಲಿ ಕೈಲ್ ಪೊಳ್ದ್ ಬಂದಾಗ ಕೋವಿಯನ್ನು ಒರೆಸಿ, ಗಂಧ ಹಚ್ಚಿ, ಕೆಂಪು ಹಳದಿಯ ‘ತೋಕ್ ಪೂ’ ಸಿಕ್ಕಿಸಿ ದೇವರ ಕೋಣೆಯಲ್ಲಿ ಇಡುತ್ತಿದ್ದರು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾನೂನಿನಿಂದ ಕೊಟ್ಟ ವಿನಾಯಿತಿ ಸ್ವಾತಂತ್ರ್ಯ ಬಂದ ಮೇಲೂ ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ.

ಒಂದು ಮಾತು ಮಾತ್ರ ಹೇಳಲೇಬೇಕು. ಕೋವಿ ಅಪ್ಪನದಾದರೂ ತೋಟಾಗಳಿದ್ದುದು ಅವ್ವನ ಬೀರುವಿನಲ್ಲಿ. ಬೀಗದ ಕೈ ಅವಳ ಸೊಂಟದಲ್ಲಿ. ಹಂದಿ ತೋಟಕ್ಕೆ ನುಗ್ಗಿದೆ ಎಂದು ಅಪ್ಪ ಎಷ್ಟೇ ಅವಸರ ಮಾಡಲಿ, ಅವ್ವ ಒಲೆಯ ಮುಂದಿನಿಂದ ಎದ್ದು ಬರಬೇಕಿತ್ತು.

ಇಂಥ ನಾನು 2022ರ ಬೇಸಿಗೆಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ, ಮಗಳ ಮನೆಯಲ್ಲಿ, ಪಿಸ್ತೂಲಿನ ಮಾತು ಕೇಳಿ ನಿದ್ದೆಗೆಟ್ಟೆ.

ಮಗಳು ನರ್ಸು. ವಾರದಲ್ಲಿ ಮೂರು ರಾತ್ರಿ ಪಾಳಿ. ಆಸ್ಟಿನ್ ನಗರದ ಹೊರವಲಯದಲ್ಲಿ ಮನೆ. ಆಸ್ಪತ್ರೆಯ ಬಾಗಿಲಿನಿಂದ ಕಾರು ನಿಲ್ಲಿಸುವ ಜಾಗಕ್ಕೆ ಐದು ನಿಮಿಷದ ನಡಿಗೆ. ಒಂದು ಬೆಳಗಿನ ಜಾವ ಯಾರೋ ಅವಳ ಹಿಂದೆಯೇ ಕಾರಿನವರೆಗೂ ಬಂದು, ಗಾಜು ಬಡಿದು, ಕೊನೆಗೆ ಹೊರಟುಹೋದನಂತೆ. ಏನೂ ಆಗಲಿಲ್ಲ. ಆದರೆ ಅಂದಿನಿಂದ ಅವಳ ಊಟ, ಮಾತು, ನಿದ್ದೆ ಎಲ್ಲವೂ ಬದಲಾದವು. ನಾನು ಹೋಗಿ ಹತ್ತು ದಿನಕ್ಕೆ, “ಅವ್ವಾ, ಬ್ಯಾಗಿನಲ್ಲಿ ಇಟ್ಟುಕೊಳ್ಳುವಂಥ ಒಂದು ಸಣ್ಣ ಪಿಸ್ತೂಲು ತಗೊಳ್ಳಬೇಕು ಅಂತಿದ್ದೇನೆ. ನೀನೂ ಬಾ. ನಮ್ಮ ಮನೇಲಿ ಕೋವಿ ನೋಡಿ ಬೆಳೆದವಳಲ್ಲವಾ,” ಎಂದಳು. ಅವಳು ಅಲ್ಲಿನ ಪ್ರಜೆ, ಕೊಳ್ಳಲು ಅಡ್ಡಿಯಿಲ್ಲ. ಮೂರು ವರ್ಷದ ಮೊಮ್ಮಗ ನನ್ನ ಸೀರೆಯ ಸೆರಗು ಹಿಡಿದು ಆಡುತ್ತಿದ್ದ.

ಅಂಗಡಿ ನಮ್ಮ ಮೈಸೂರಿನ ಚಿನ್ನದಂಗಡಿಯ ಹಾಗಿತ್ತು. ಗಾಜಿನ ಕಟ್ಟೆ, ಒಳಗೆ ದೀಪ, ಬಟ್ಟೆಯ ಮೇಲೆ ಸಾಲಾಗಿ ಪಿಸ್ತೂಲುಗಳು. ಮಾರುತ್ತಿದ್ದವಳು ನನ್ನದೇ ವಯಸ್ಸಿನ ಹೆಂಗಸು. ಒಂದೊಂದನ್ನೂ ತೆಗೆದು, ಬರಿದಾಗಿದೆಯೆಂದು ತೋರಿಸಿ, ಮಗಳ ಕೈಗೆ ಕೊಟ್ಟಳು. ಆ ಹೆಂಗಸು ಸುಳ್ಳು ಹೇಳಲಿಲ್ಲ ಎನ್ನುವುದನ್ನು ಒಪ್ಪಬೇಕು. ಪಿಸ್ತೂಲು ಚಿಕ್ಕದಾದಷ್ಟೂ ಬಚ್ಚಿಡುವುದು ಸುಲಭ, ಹೊಡೆಯುವುದು ಕಷ್ಟ ಎಂದಳು. ತೂಕ ಕಡಿಮೆಯಾದರೆ ಹಿಂದಕ್ಕೆ ಒದೆಯುವ ರಭಸ ಹೆಚ್ಚು. ನಳಿಗೆ ಗಿಡ್ಡವಾದರೆ ಗುರಿ ತಪ್ಪುವುದು ಸುಲಭ. ಐದು ಗುಂಡಿನ ರಿವಾಲ್ವರಿನಲ್ಲಿ ಕೆಡುವಂಥದ್ದು ಕಡಿಮೆ, ಆದರೆ ಅದರ ಟ್ರಿಗರ್ ಎಳೆಯಲು ಬೆರಳಿನಲ್ಲಿ ಬಲ ಬೇಕು. ಪಿಸ್ತೂಲಿನಲ್ಲಿ ಗುಂಡು ಹೆಚ್ಚು ಹಿಡಿಸುತ್ತದೆ, ಆದರೆ ಮೊದಲ ಗುಂಡನ್ನು ನಳಿಗೆಗೆ ಏರಿಸಲು ಮೇಲಿನ ಭಾಗವನ್ನು ಜಗ್ಗಿ ಎಳೆಯಬೇಕು. ಮಗಳ ಕೈ ಎರಡು ಸಲ ಜಾರಿತು.

ಅಂದು ಏನೂ ಕೊಳ್ಳದೆ ಬಂದೆವು. ಯೋಚಿಸಲು ಒಂದು ವಾರ ಕೊಡು ಎಂದು ನಾನೇ ಕೇಳಿದೆ. ಆ ವಾರ ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕುಳಿತು ಈ ಪುಟ್ಟ ಪಿಸ್ತೂಲಿನ ವಂಶಾವಳಿಯನ್ನು ಓದಿದೆ. ಹೆಣ್ಣು ಕೊಡುವ ಮೊದಲು ಗಂಡಿನ ಮನೆತನ ವಿಚಾರಿಸುತ್ತೇವಲ್ಲ, ಹಾಗೆ.

ಯೂರೋಪಿನ ಶ್ರೀಮಂತ ಹೆಂಗಸರು ಚಳಿಗಾಲದಲ್ಲಿ ಎರಡೂ ಕೈಗಳನ್ನು ತುಪ್ಪಳದ ಒಂದು ಚೀಲದೊಳಗೆ ಬೆಚ್ಚಗಿಟ್ಟುಕೊಂಡು ನಡೆಯುತ್ತಿದ್ದರು. ಅದಕ್ಕೆ ಮಫ್ ಎಂದು ಹೆಸರು. ಆ ಚೀಲದೊಳಗೆ ಹಿಡಿಸುವಂಥ ಪುಟ್ಟ ಪಿಸ್ತೂಲುಗಳಿಗೆ ಮಫ್ ಪಿಸ್ತೂಲು ಎಂಬ ಹೆಸರು ಬಂತು. ಸಾರೋಟಿನ ದಾರಿಯಲ್ಲಿ ದರೋಡೆಕೋರರ ಭಯವಿದ್ದ ಕಾಲ ಅದು. ಅಮೆರಿಕದಲ್ಲಿ ಫಿಲಡೆಲ್ಫಿಯದ ಹೆನ್ರಿ ಡೆರಿಂಜರ್ ಅಂಗೈಯಲ್ಲಿ ಅಡಗುವ ಒಂದೇ ಗುಂಡಿನ ಪಿಸ್ತೂಲು ಮಾಡಿ ಹೆಸರಾದ. 1865ರ ಏಪ್ರಿಲ್ 14ರ ರಾತ್ರಿ ನಾಟಕ ನೋಡುತ್ತಿದ್ದ ಅಧ್ಯಕ್ಷ ಲಿಂಕನ್ನರ ತಲೆಯ ಹಿಂಭಾಗಕ್ಕೆ ಗುಂಡು ಹಾರಿಸಿದ್ದು ಅಂಥ ಪಿಸ್ತೂಲಿನಿಂದಲೇ. ಬಚ್ಚಿಟ್ಟುಕೊಳ್ಳುವ ಆಯುಧ ಕಾಪಾಡುವವರ ಕೈಗೂ ಬರುತ್ತದೆ, ಕೊಲ್ಲುವವರ ಕೈಗೂ ಬರುತ್ತದೆ.

ನನಗೆ ಅಚ್ಚರಿಯಾದ ಸಂಗತಿಯೆಂದರೆ, ಹಳೆಯ ಅಮೆರಿಕದ ಕಾನೂನಿಗೂ ನಮ್ಮ ಮನೆಯ ರೀತಿಗೂ ಇದ್ದ ಹೋಲಿಕೆ. ಕೆಂಟಕಿ ರಾಜ್ಯ 1813ರಲ್ಲೇ ಆಯುಧ ಬಚ್ಚಿಟ್ಟುಕೊಂಡು ಓಡಾಡುವುದನ್ನು ನಿಷೇಧಿಸಿತು. ಎಲ್ಲರಿಗೂ ಕಾಣುವಂತೆ ಹಿಡಿದವನು ಮರ್ಯಾದಸ್ಥ, ಅಡಗಿಸಿಟ್ಟುಕೊಂಡವನು ಸಂಚುಗಾರ ಎಂಬ ಭಾವನೆ ಆಗ ಬಲವಾಗಿತ್ತು. ದನಗಾಹಿಗಳ ಸಿನಿಮಾಗಳಿಂದ ನಮಗೆ ಪರಿಚಯವಾದ ಟೆಕ್ಸಾಸ್ ಕೂಡ 1871ರಲ್ಲಿ ಪಿಸ್ತೂಲು ಧರಿಸಿ ತಿರುಗುವುದಕ್ಕೆ ಕಡಿವಾಣ ಹಾಕಿತು. ಅದು ಸಡಿಲವಾಗಲು 124 ವರ್ಷ ಬೇಕಾಯಿತು.

ಕಾನೂನು ಹೀಗಿದ್ದರೂ ಕಾರ್ಖಾನೆಗಳು ಸುಮ್ಮನೆ ಕೂರಲಿಲ್ಲ. ಸ್ಮಿತ್ ಅಂಡ್ ವೆಸ್ಸನ್ ಕಂಪನಿ 1902ರಲ್ಲಿ ಏಳು ಗುಂಡಿನ ಪುಟ್ಟ ರಿವಾಲ್ವರ್ ತಂದು ಅದಕ್ಕೆ ಲೇಡಿಸ್ಮಿತ್ ಎಂದು ಹೆಸರಿಟ್ಟಿತು. 1921ರವರೆಗೆ ಅದನ್ನು ತಯಾರಿಸಿತು. 1908ರಲ್ಲಿ ಕೋಲ್ಟ್ ಕಂಪನಿ ಜಾನ್ ಬ್ರೌನಿಂಗ್ ರೂಪಿಸಿದ, ಕೋಟಿನ ಒಳಗಿಸೆಯಲ್ಲಿ ಕೂರುವ ಪಿಸ್ತೂಲನ್ನು ಮಾರತೊಡಗಿತು. 1950ರಲ್ಲಿ ಸ್ಮಿತ್ ಅಂಡ್ ವೆಸ್ಸನ್ ಐದು ಗುಂಡಿನ ಇನ್ನೊಂದು ಗಿಡ್ಡ ರಿವಾಲ್ವರ್ ತಂದಾಗ ಅದಕ್ಕೆ ಹೆಸರು ಆರಿಸಿದ್ದು ಪೊಲೀಸ್ ಮುಖ್ಯಸ್ಥರ ಸಮ್ಮೇಳನ. ಅದಕ್ಕೇ ‘ಚೀಫ್ಸ್ ಸ್ಪೆಷಲ್’ ಎಂಬ ಹೆಸರು. ಮಗಳ ಕೈಗೆ ಮೊದಲು ಬಂದದ್ದು ಅದರ ಮೊಮ್ಮಗಳಂಥ ಒಂದು ರಿವಾಲ್ವರ್. 1989ರಲ್ಲಿ ಅದೇ ಕಂಪನಿ ಲೇಡಿಸ್ಮಿತ್ ಹೆಸರಿಗೆ ಮತ್ತೆ ಜೀವ ಕೊಟ್ಟಿತು. 2018ರಲ್ಲಿ ಬಂದ ಸಿಗ್ ಕಂಪನಿಯ ಪಿಸ್ತೂಲು ಅರ್ಧ ಕಿಲೋ ತೂಕದಲ್ಲಿ ಹತ್ತು ಗುಂಡು ಹಿಡಿಸಿ ಹೊಸ ಗೀಳು ಹುಟ್ಟಿಸಿತು.

ನಮ್ಮಲ್ಲೂ ಇದರ ಒಂದು ಅಧ್ಯಾಯವಿದೆ. 2012ರ ಡಿಸೆಂಬರಿನ ದೆಹಲಿಯ ಘಟನೆಯ ನಂತರ, 2014ರ ಜನವರಿಯಲ್ಲಿ, ಕಾನ್ಪುರದ ಸರ್ಕಾರಿ ಆಯುಧ ಕಾರ್ಖಾನೆ ಮಹಿಳೆಯರಿಗೆಂದೇ ‘ನಿರ್ಭೀಕ್’ ಎಂಬ ರಿವಾಲ್ವರ್ ತಂದಿತು. ತೂಕ 500 ಗ್ರಾಂ, ಬೆಲೆ ಸುಮಾರು 1 ಲಕ್ಷ 22 ಸಾವಿರ ರೂಪಾಯಿ. ಒಡವೆಯ ಪೆಟ್ಟಿಗೆಯಂಥ ಪೆಟ್ಟಿಗೆಯಲ್ಲಿಟ್ಟು ಕೊಡುತ್ತಿದ್ದರು. ಬಸ್ಸಿನಲ್ಲಿ ಪಾಳಿ ಮುಗಿಸಿ ಬರುವ ಹುಡುಗಿಯ ಹೆಸರಿನಲ್ಲಿ ತಯಾರಾದದ್ದನ್ನು ಅಂಥ ಹುಡುಗಿ ವರ್ಷದ ಸಂಬಳ ಸುರಿದರೂ ಕೊಳ್ಳುವುದು ಕಷ್ಟವಿತ್ತು. ಪರವಾನಗಿಯ ಮಾತು ಬೇರೆ.

ಇಷ್ಟು ಓದಿ ನಾನು ಮಗಳ ಎದುರು ದೊಡ್ಡದಾಗಿ ಮಾತಾಡಿದೆ. ಅವಳು ಎಲ್ಲವನ್ನೂ ಕೇಳಿ, “ಅವ್ವಾ, ಇಲ್ಲಿಂದ ಒಂದೂವರೆ ಗಂಟೆ ದೂರದಲ್ಲಿ ಕಿಲೀನ್ ಅಂತ ಊರಿದೆ. ಅಲ್ಲಿ ಆದದ್ದನ್ನೂ ಓದು,” ಎಂದಳು.

ಓದಿದೆ. 1991ರ ಅಕ್ಟೋಬರ್ 16ರಂದು ಕಿಲೀನಿನ ಒಂದು ಊಟದ ಮನೆಗೆ ಒಬ್ಬ ತನ್ನ ವಾಹನ ನುಗ್ಗಿಸಿ, ಒಳಗಿದ್ದವರ ಮೇಲೆ ಗುಂಡಿನ ಮಳೆಗರೆದು 23 ಜನರನ್ನು ಕೊಂದ. ಅಪ್ಪ ಅಮ್ಮನ ಜೊತೆ ಊಟಕ್ಕೆ ಕುಳಿತಿದ್ದ ಸುಝಾನಾ ಎಂಬಾಕೆ ಬ್ಯಾಗಿಗೆ ಕೈಹಾಕಿದಳು. ರಿವಾಲ್ವರ್ ಅಲ್ಲಿರಲಿಲ್ಲ, ಕಾರಿನಲ್ಲಿತ್ತು. ಬಚ್ಚಿಟ್ಟುಕೊಂಡು ಓಡಾಡುವುದು ಕಾನೂನಿಗೆ ವಿರುದ್ಧ, ಸಿಕ್ಕಿಬಿದ್ದರೆ ತನ್ನ ವೈದ್ಯವೃತ್ತಿಯ ಪರವಾನಗಿ ಹೋದೀತೆಂದು ಅದನ್ನು ಕಾರಿನಲ್ಲೇ ಬಿಟ್ಟಿದ್ದಳು. ಅವಳ ಅಪ್ಪ ಬರಿಗೈಯಲ್ಲಿ ಹಂತಕನತ್ತ ನುಗ್ಗಿ ಗುಂಡೇಟು ತಿಂದರು. ಅವಳು ಒಡೆದ ಕಿಟಕಿಯಿಂದ ಹೊರಬಿದ್ದಳು. ಅಮ್ಮ ಗಂಡನನ್ನು ಬಿಟ್ಟು ಬರದೆ ಅಲ್ಲೇ ಕುಳಿತು ಗುಂಡಿಗೆ ಬಲಿಯಾದರು. ಮುಂದೆ ಸುಝಾನಾ ಹಪ್ ಸಭೆ ಸಮಿತಿಗಳ ಮುಂದೆ ಈ ಕಥೆಯನ್ನು ಹೇಳುತ್ತ ತಿರುಗಿದರು. 1993ರಲ್ಲಿ ಈ ವಿಷಯವನ್ನು ಜನಮತಕ್ಕೆ ಹಾಕುವ ಮಸೂದೆಯನ್ನು ರಾಜ್ಯಪಾಲೆಯಾಗಿದ್ದ ಆನ್ ರಿಚರ್ಡ್ಸ್ ತಡೆದರು. ಮರುವರ್ಷದ ಚುನಾವಣೆಯಲ್ಲಿ ಆಕೆ ಸೋತರು. 1995ರಲ್ಲಿ ಜಾರ್ಜ್ ಬುಷ್ ಸಹಿ ಹಾಕಿ ಪರವಾನಗಿ ಪದ್ಧತಿ ತಂದರು. 1996ರಲ್ಲಿ ಹಪ್ ಶಾಸಕಿಯಾದರು. 2021ರ ಸೆಪ್ಟೆಂಬರಿನಿಂದ 21 ದಾಟಿದ ಹೆಚ್ಚಿನವರಿಗೆ ಪರವಾನಗಿಯೂ ಬೇಡವಾಯಿತು.

ಅಮ್ಮನನ್ನು ಕಳೆದುಕೊಂಡ ಆ ಮಗಳಿಗೆ ನೀನು ಹೇಳಿದ್ದು ತಪ್ಪು ಎನ್ನುವ ಎದೆಗಾರಿಕೆ ನನಗಿಲ್ಲ. ತಡೆದ ರಾಜ್ಯಪಾಲೆಯೂ ಹೆಣ್ಣೇ, ನಾಲ್ಕು ಮಕ್ಕಳ ತಾಯಿ. ಅವರದೂ ತಪ್ಪೆನ್ನಲಾರೆ.

ಆದರೆ ಇನ್ನೊಂದು ಬ್ಯಾಗಿನ ಕಥೆಯೂ ಇದೆ. 2014ರ ಡಿಸೆಂಬರ್ ಕೊನೆಯಲ್ಲಿ ಐಡಹೊ ರಾಜ್ಯದ ಹೇಡನ್ ಎಂಬ ಊರಿನಲ್ಲಿ 29 ವರ್ಷದ ತಾಯಿಯೊಬ್ಬಳು ಅಂಗಡಿಗೆ ಹೋಗಿದ್ದಳು. ವಿಜ್ಞಾನಿ, ಬಂದೂಕಿನ ಬಳಕೆ ಚೆನ್ನಾಗಿ ತಿಳಿದವಳು. ಪಿಸ್ತೂಲಿಗೆಂದೇ ಜಿಪ್ ಇರುವ ಪ್ರತ್ಯೇಕ ಅರೆಯುಳ್ಳ ಆ ಬ್ಯಾಗು ಗಂಡ ಕೊಟ್ಟ ಕ್ರಿಸ್‌ಮಸ್ ಉಡುಗೊರೆ. ಸಾಮಾನಿನ ಗಾಡಿಯಲ್ಲಿ ಎರಡು ವರ್ಷದ ಮಗ, ಪಕ್ಕದಲ್ಲಿ ಬ್ಯಾಗು. ಮಗು ಜಿಪ್ ಎಳೆದು ಕೈಹಾಕಿತು. ತಾಯಿ ಅಲ್ಲೇ ಸತ್ತಳು. ಕುದುರೆ ಎಳೆಯಲು ಮಗುವಿನ ಕೈಗಾಗದು ಎಂಬ ಭರವಸೆಯನ್ನು ಹಳೆಯ ಕಂಪನಿಗಳು ಮಾರಿದ್ದವು. ಹಾಸಿಗೆಯಲ್ಲಿ ಕುಳಿತ ಪುಟ್ಟ ಹುಡುಗಿಯ ಕೈಗೆ ರಿವಾಲ್ವರ್ ಕೊಟ್ಟು, ಇದರಿಂದ ನಮಗೇನೂ ಆಗದು ಎಂದು ಅವಳ ಬಾಯಲ್ಲೇ ಹೇಳಿಸಿದ ಐವರ್ ಜಾನ್ಸನ್ ಕಂಪನಿಯ ಜಾಹೀರಾತನ್ನು ಪುಸ್ತಕದಲ್ಲಿ ಕಂಡು ನನ್ನ ಕೈ ತಣ್ಣಗಾಯಿತು.

ಆಗ ನನಗೆ ಅವ್ವನ ಸೊಂಟದ ಬೀಗದ ಕೈ ನೆನಪಾಯಿತು. ಗೋಡೆಯ ಕೋವಿಗೆ ಒಂದು ಜಾಗವಿತ್ತು, ತೋಟಾಕ್ಕೆ ಇನ್ನೊಂದು. ಎರಡನ್ನೂ ಕೂಡಿಸಲು ಎರಡು ಮನಸ್ಸು ಒಪ್ಪಬೇಕಿತ್ತು. ಬ್ಯಾಗಿನ ಪಿಸ್ತೂಲಿನಲ್ಲಿ ಗುಂಡು ತುಂಬಿಯೇ ಇರಬೇಕು, ಇಲ್ಲದಿದ್ದರೆ ಅದು ಇದ್ದೂ ಇಲ್ಲದಂತೆ. ಬ್ಯಾಗಿಗೋ ಒಂದು ಜಾಗವಿಲ್ಲ. ಹೆಂಗಸಿನ ಬ್ಯಾಗು ಕುರ್ಚಿಯ ಮೇಲೆ, ಕಾರಿನಲ್ಲಿ, ಅಡಿಗೆಮನೆಯ ಕಟ್ಟೆಯ ಮೇಲೆ, ಮಗುವಿನ ಬಿಸ್ಕತ್ತಿನ ಜೊತೆ ಬದುಕುವ ವಸ್ತು.

ನಾನು ಮಗಳಿಗೆ ಬೇಡ ಎನ್ನಲಿಲ್ಲ. ಊರಿನಿಂದ ತಂದಿದ್ದ ಅರ್ಧ ಕಿಲೋ ಕಾಫಿಪುಡಿಯ ಪೊಟ್ಟಣ ಕೊಟ್ಟು, “ಇದನ್ನು ಒಂದು ವಾರ ಬ್ಯಾಗಿನಲ್ಲಿ ಇಟ್ಟುಕೋ. ಇದು ನಿನ್ನ ಪಿಸ್ತೂಲು ಎಂದುಕೋ. ಒಂದು ಗಳಿಗೆಯೂ ನಿನ್ನ ಕೈತಪ್ಪಬಾರದು, ಮಗನ ಕೈಗೆ ಸಿಗಬಾರದು,” ಎಂದೆ. ಅವಳು ನಕ್ಕಳು. ಆದರೂ ಇಟ್ಟುಕೊಂಡಳು.

ಎರಡನೆಯ ದಿನ ಆಸ್ಪತ್ರೆಯೊಳಗೆ ಆಯುಧ ತರುವಂತಿಲ್ಲ ಎಂಬ ನಿಯಮ ನೆನಪಾಗಿ ಕಾಫಿಪುಡಿ ಕಾರಿನಲ್ಲೇ ಉಳಿಯಿತು. ಅಂದರೆ ಅವಳಿಗೆ ಭಯವಾದ ಆ ಐದು ನಿಮಿಷದ ದಾರಿಯಲ್ಲಿ ಅದು ಜೊತೆಗೆ ಇರಲೇ ಇಲ್ಲ. ನಾಲ್ಕನೆಯ ದಿನ ತರಕಾರಿ ಅಂಗಡಿಯ ಗಾಡಿಯಲ್ಲಿ ಬ್ಯಾಗು ಬಿಟ್ಟು ಎರಡು ಸಾಲು ಆಚೆ ಹೋಗಿದ್ದಳಂತೆ, ತಾನೇ ಬಂದು ಹೇಳಿದಳು. ಆರನೆಯ ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ಬಂದು ಕುರ್ಚಿಗೆ ಬ್ಯಾಗು ನೇತುಹಾಕಿ ಸೋಫಾದ ಮೇಲೆ ಹಾಗೇ ನಿದ್ದೆಹೋದಳು. ನಾನು ದೋಸೆ ಹುಯ್ಯುತ್ತಿದ್ದೆ. ಮೊಮ್ಮಗ ಎರಡೂ ಕೈಯಲ್ಲಿ ಪೊಟ್ಟಣ ಹಿಡಿದು ಬಂದು, “ಅಜ್ಜೀ, ಕಾಪಿ,” ಎಂದ.

ಮಗಳನ್ನು ಎಬ್ಬಿಸಲಿಲ್ಲ. ಎದ್ದ ಮೇಲೆ ಮೇಜಿನ ಮೇಲಿದ್ದ ಪೊಟ್ಟಣ ನೋಡಿ ಅವಳೇ ಕೇಳಿದಳು. ಹೇಳಿದೆ. ಬಹಳ ಹೊತ್ತು ಮಾತಾಡದೆ ಮಗನ ತಲೆ ನೇವರಿಸುತ್ತ ಕುಳಿತಳು.

ಅವಳ ಭಯ ಅಂದಿಗೆ ಮುಗಿಯಿತೆಂದು ನಾನು ಬರೆದರೆ ಅದು ಸುಳ್ಳಾದೀತು. ಆಸ್ಪತ್ರೆಯವರನ್ನು ಕೇಳಿ ಕಾವಲಿನವನೊಬ್ಬ ಕಾರಿನವರೆಗೆ ಜೊತೆ ಬರುವಂತೆ ಮಾಡಿಕೊಂಡಳು. ಮೊದಲ ಸಲ ಕೇಳಿದಾಗ ಆಗದು ಎಂದರಂತೆ. ಮೂವರು ನರ್ಸುಗಳು ಸೇರಿ ಬರೆದುಕೊಟ್ಟ ಮೇಲೆ ಒಪ್ಪಿದರು. ಪಿಸ್ತೂಲು ಇನ್ನೂ ಕೊಂಡಿಲ್ಲ. ಕೊಳ್ಳುವುದೇ ಇಲ್ಲ ಎಂದೂ ಹೇಳಿಲ್ಲ. ಕೊಂಡರೆ ಬೀಗವಿರುವ ಉಕ್ಕಿನ ಪೆಟ್ಟಿಗೆ ಮೊದಲು, ಪಿಸ್ತೂಲು ಆಮೇಲೆ ಎಂದು ಮಾತು ಕೊಟ್ಟಿದ್ದಾಳೆ.

ಕೈಲ್ ಪೊಳ್ದ್ ಹೊತ್ತಿಗೆ ನಾನು ಊರಿಗೆ ಮರಳಿದ್ದೆ. ತಮ್ಮ ಕೋವಿಗೆ ಹೂವು ಸಿಕ್ಕಿಸಿದ. ಅವ್ವನ ಬೀರುವಿನ ಬೀಗದ ಕೈ ಈಗ ಅವನ ಹೆಂಡತಿಯ ಸೊಂಟದಲ್ಲಿದೆ. ಪೂಜೆ ಮುಗಿದ ಮೇಲೆ ತೆಂಗಿನಕಾಯಿಗೆ ಗುರಿಯಿಡಲು ಹುಡುಗರೆಲ್ಲ ತೋಟಾಕ್ಕಾಗಿ ಗಲಾಟೆ ಮಾಡುತ್ತಿದ್ದರು. ಅವಳು ಕಡಂಬುಟ್ಟು ಬಡಿಸುತ್ತಿದ್ದವಳು, “ಊಟ ಆಗಲಿ, ಆಮೇಲೆ,” ಎಂದಳು. ಎಲ್ಲರೂ ಸುಮ್ಮನೆ ಎಲೆಯ ಮುಂದೆ ಕುಳಿತರು.