ಜೀವಕೋಶದ ಕದಿರು

ಸತ್ತುದನ್ನು ನೋಡಿ ಬದುಕಿರುವುದರ ರಚನೆಯನ್ನು ಹೇಳಬೇಕಾದುದು ಜೀವಶಾಸ್ತ್ರಜ್ಞರಿಗೆ ಬಹುಕಾಲದಿಂದ ಅಂಟಿಕೊಂಡು ಬಂದ ತೊಡಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸೂಕ್ಷ್ಮದರ್ಶಕದ ಕೆಲಸವೆಂದರೆ ಅಂಗಾಂಶವನ್ನು ಆಮ್ಲದಲ್ಲಿಯೋ ಮದ್ಯಸಾರದಲ್ಲಿಯೋ ಅದ್ದಿ ಗಟ್ಟಿಗೊಳಿಸಿ, ತೆಳ್ಳಗೆ ಸೀಳಿ, ಬಣ್ಣವೇರಿಸಿ ನೋಡುವುದೆಂದೇ ಆಗಿದ್ದಿತು. ಜರ್ಮನಿಯ ವಾಲ್ಟರ್ ಫ್ಲೆಮಿಂಗನು ೧೮೮೨ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಜೀವಕೋಶವು ಎರಡಾಗುವ ಬಗೆಯನ್ನು ವಿಸ್ತಾರವಾಗಿ ವರ್ಣಿಸಿದ್ದಾನೆ. ಆ ಹೊತ್ತಿನಲ್ಲಿ ಕೋಶದ ನಡುವೆ ಒಂದು ಆಕೃತಿಯು ಮೂಡುತ್ತದೆ. ಅದರ ತುದಿಗಳೆರಡೂ ಮೊನಚು, ನಡು ಉಬ್ಬು. ನೂಲುವವರ ಕದಿರನ್ನು ಹೋಲುವುದರಿಂದ ಅದಕ್ಕೆ ಆ ಹೆಸರೇ ನಿಂತಿತು. ಬಣ್ಣವೇರಿದ ಸೀಳುಗಳಲ್ಲಿ ಕದಿರಿನ ಎಳೆಗಳು ಸ್ಪಷ್ಟವಾಗಿ ಕಾಣುತ್ತಿದ್ದುವು. ವರ್ಣತಂತುಗಳನ್ನು ಎರಡು ಕಡೆಗೂ ಎಳೆದೊಯ್ಯುವ ಹಗ್ಗಗಳು ಇವೇ ಎಂದು ಅನೇಕರು ಊಹಿಸಿದರು.

ಆದರೆ ಬದುಕಿರುವ ಕೋಶವನ್ನು ಅದೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಆ ಸ್ಥಳದಲ್ಲಿ ಎಳೆಯೂ ಇಲ್ಲ, ನಾರೂ ಇಲ್ಲ. ತಿಳಿಯಾದ ಒಂದು ಬಯಲು ಮಾತ್ರ. ೧೮೯೯ರಲ್ಲಿ ಕೇಂಬ್ರಿಡ್ಜಿನ ಹಾರ್ಡಿ ಎಂಬಾತನು, ಯಾವ ರಚನೆಯೂ ಇಲ್ಲದ ಪ್ರೋಟೀನು ದ್ರವಗಳಿಗೆ ಗಟ್ಟಿಗೊಳಿಸುವ ಔಷಧಗಳನ್ನು ಬೆರೆಸಿದರೆ ಅವುಗಳಲ್ಲಿಯೂ ಬಲೆಯಂತಹ ಎಳೆಗಳು ಹುಟ್ಟುವುವೆಂದು ತೋರಿಸಿಕೊಟ್ಟನು. ಹಾಗಾದರೆ ಕದಿರಿನ ಎಳೆಗಳು ಪ್ರಕೃತಿಯ ಕೃತಿಯೆ, ಔಷಧದ ಕೃತಿಯೆ? ಅನುವಂಶದ ಸಾಮಗ್ರಿಯು ತಾಯಿಕೋಶದಿಂದ ಮರಿಕೋಶಗಳಿಗೆ ಸಮನಾಗಿ ಹಂಚಿಹೋಗುವ ಬಗೆಯು ಈ ಎಳೆಗಳನ್ನೇ ಅವಲಂಬಿಸಿದ್ದುದರಿಂದ, ಇದು ಬರಿಯ ಪಂಡಿತರ ಹಟದ ಮಾತಾಗಿರಲಿಲ್ಲ. ವಿವಾದವು ಅರ್ಧ ಶತಮಾನ ನಡೆಯಿತು.

ಇದನ್ನು ತೀರಿಸಿದ ಸಾಕ್ಷಿಯು ಬಂದುದು ಭೌತಶಾಸ್ತ್ರದ ಕಡೆಯಿಂದ. ಸಾಮಾನ್ಯವಾದ ಬೆಳಕಿನ ಅಲೆಗಳು ತಾವು ಸಾಗುವ ದಿಕ್ಕಿಗೆ ಅಡ್ಡಲಾಗಿ ಎಲ್ಲ ಕಡೆಗೂ ಕಂಪಿಸುತ್ತವೆ. ೧೮೦೮ರಲ್ಲಿ ಪ್ಯಾರಿಸಿನ ಮಾಲ್ಯೂಸನು, ಕಿಟಕಿಯ ಗಾಜಿನಿಂದ ಪ್ರತಿಫಲಿಸಿದ ಬಿಸಿಲನ್ನು ಐಸ್‌ಲೆಂಡಿನ ಸ್ಫಟಿಕದ ಮೂಲಕ ನೋಡುತ್ತಿದ್ದಾಗ, ಆ ಬೆಳಕಿನ ಗುಣವೇ ಬೇರೆಯಾಗಿರುವುದನ್ನು ಕಂಡನು. ಒಂದೇ ದಿಕ್ಕಿನಲ್ಲಿ ಕಂಪಿಸುವ ಇಂತಹ ಬೆಳಕನ್ನು ಧ್ರುವೀಕೃತವೆನ್ನುತ್ತೇವೆ. ಎಡಿನ್‌ಬರೋದ ನಿಕೋಲನು ೧೮೨೮ರಲ್ಲಿ ಅದನ್ನು ಸುಲಭವಾಗಿ ಪಡೆಯುವ ಪಟ್ಟಕವನ್ನು ಮಾಡಿದನು. ಛಾಯಾಚಿತ್ರದಿಂದ ಹೆಸರಾದ ಟಾಲ್ಬಟನು ೧೮೩೪ರ ವೇಳೆಗೆ ಅದನ್ನು ಸೂಕ್ಷ್ಮದರ್ಶಕಕ್ಕೆ ಜೋಡಿಸಿದ್ದನು.

ಇದರ ಕ್ರಮ ಸರಳವಾದುದು. ವಸ್ತುವಿನ ಕೆಳಗೊಂದು, ಮೇಲೊಂದು ಪಟ್ಟಕವನ್ನು ಒಂದಕ್ಕೊಂದು ಅಡ್ಡವಾಗಿಟ್ಟರೆ ಮೊದಲನೆಯದನ್ನು ದಾಟಿದ ಬೆಳಕು ಎರಡನೆಯದರಲ್ಲಿ ನಿಂತುಹೋಗಿ ಕಣ್ಣಿಗೆ ಕತ್ತಲೆ ಕವಿಯುತ್ತದೆ. ನಡುವೆ ನೀರನ್ನಿಟ್ಟರೂ ಕತ್ತಲೆಯೇ. ಒಂದೇ ಕಡೆಗೆ ಸಾಲಾಗಿ ಮಲಗಿದ ನಾರುಗಳನ್ನು ಓರೆಯಾಗಿಟ್ಟರಾದರೋ ಅವು ಬೆಳಗುತ್ತವೆ. ಏಕೆಂದರೆ ನಾರಿನ ಉದ್ದಕ್ಕೆ ಕಂಪಿಸುವ ಬೆಳಕಿಗೂ ಅಡ್ಡಕ್ಕೆ ಕಂಪಿಸುವ ಬೆಳಕಿಗೂ ಅಲ್ಲಿ ವೇಗ ಒಂದೇ ಅಲ್ಲ. ವಸ್ತುವನ್ನು ಒಂದು ಸುತ್ತು ತಿರುಗಿಸಿದರೆ ನಾಲ್ಕು ಬಾರಿ ಬೆಳಗಿ ನಾಲ್ಕು ಬಾರಿ ಆರುತ್ತದೆ. ಎಳೆಗಳು ಒಂದೊಂದಾಗಿ ಕಾಣದಷ್ಟು ಸಣ್ಣವಾಗಿದ್ದರೂ ಅವು ಸಾಲುಗೂಡಿರುವ ಸಂಗತಿಯನ್ನು ಬೆಳಕು ಹೇಳಿಬಿಡುತ್ತದೆ. ಬಣ್ಣವೂ ಬೇಡ, ಆಮ್ಲವೂ ಬೇಡ.

ಸ್ನಾಯುಗಳಲ್ಲಿ ಈ ಉಪಾಯವು ಬೇಗನೆ ಫಲಿಸಿತು. ವಿಯೆನ್ನಾದ ಬ್ರೂಕೆಯು ೧೮೫೮ರಲ್ಲಿ ಪ್ರಕಟಿಸಿದ ಶೋಧನೆಯಲ್ಲಿ ಸ್ನಾಯುವಿನ ಪಟ್ಟೆಗಳು ಒಂದು ಬೆಳಗುವುದು, ಒಂದು ಬೆಳಗದಿರುವುದು, ಹೀಗೆ ಸರದಿಯಾಗಿರುವುವೆಂದು ಹೇಳಿದನು. ವೈದ್ಯ ವಿದ್ಯಾರ್ಥಿಗಳು ಇಂದಿಗೂ ಉರುಹೊಡೆಯುವ ‘ಎ’ ಪಟ್ಟೆ, ‘ಐ’ ಪಟ್ಟೆ ಎಂಬ ಹೆಸರುಗಳು ಈ ಭೇದದಿಂದಲೇ ಬಂದವು. ಹೆಸರಿನ ಹಿಂದೆ ಬೆಳಕಿನ ಕಥೆಯಿದೆಯೆಂದು ಅವರಿಗೆ ಹೇಳುವವರು ಕಡಮೆ.

ಕದಿರಿನ ವಿಷಯ ಇಷ್ಟು ಸುಲಭವಾಗಿರಲಿಲ್ಲ. ಜರ್ಮನಿಯ ಗೀಸೆನ್ನಿನಲ್ಲಿದ್ದ ಶ್ಮಿಟ್ಟನು ೧೯೩೦ರ ದಶಕದಲ್ಲಿ ಬದುಕಿರುವ ಕದಿರು ಒಟ್ಟಾರೆಯಾಗಿ ಮಂಕಾಗಿ ಬೆಳಗುವುದನ್ನು ಕಂಡಿದ್ದನು; ಎಳೆಗಳು ಮಾತ್ರ ಬಿಡಿಬಿಡಿಯಾಗಿ ತೋರಲಿಲ್ಲ. ಕದಿರಿನಲ್ಲಿ ಬೆಳಕಿನ ಎರಡು ಪಾಲುಗಳಿಗೆ ಬೀಳುವ ಅಂತರ ಕೆಲವೇ ನ್ಯಾನೋಮೀಟರು, ಅಂದರೆ ಹಸುರು ಬೆಳಕಿನ ಅಲೆಯುದ್ದದ ನೂರರಲ್ಲಿ ಒಂದು ಪಾಲಿನ ಆಸುಪಾಸು. ಮಸೂರದ ಗಾಜಿನೊಳಗೆ ಉಳಿದ ಬಿಗುವೇ ಇದಕ್ಕಿಂತ ಹೆಚ್ಚಿನ ಬೆಳಕನ್ನು ಸೋರಗೊಟ್ಟು ಕದಿರನ್ನು ಮುಳುಗಿಸಿಬಿಡುತ್ತದೆ. ಟೋಕಿಯೋದಲ್ಲಿ ಕಲಿತು ೧೯೪೮ರಲ್ಲಿ ಅಮೆರಿಕಾದ ಪ್ರಿನ್ಸ್‌ಟನ್ನಿಗೆ ಹೋದ ಶಿನ್ಯಾ ಇನೋವೆ ಅವರು ಬಿಗುವಿಲ್ಲದ ಮಸೂರಗಳನ್ನು ಆರಿಸಿ ತಮಗೆ ಬೇಕಾದ ಸೂಕ್ಷ್ಮದರ್ಶಕವನ್ನು ತಾವೇ ಕಟ್ಟಿಕೊಂಡರು. ೧೯೫೩ರ ಲೇಖನದಲ್ಲಿ, ಒಂದು ಜಾತಿಯ ಕಡಲಹುಳುವಿನ ಅಂಡಕೋಶದಲ್ಲಿಯೂ ಲಿಲಿ ಹೂವಿನ ಪರಾಗಮಾತೃಕೋಶದಲ್ಲಿಯೂ ಕದಿರಿನ ಎಳೆಗಳನ್ನು ಜೀವಂತವಾಗಿ ತೋರಿಸಿದರು. ಫ್ಲೆಮಿಂಗನ ಔಷಧಗಳು ಸುಳ್ಳು ಹೇಳಿರಲಿಲ್ಲ.

ನಮಗೆ ಇದಕ್ಕಿಂತಲೂ ಸ್ವಾರಸ್ಯವಾಗಿ ತೋರುವುದು ಅವರ ಇನ್ನೊಂದು ಶೋಧನೆ. ಕೋಶವನ್ನು ತಣ್ಣಗೆ ಮಾಡಿದರೆ ಕದಿರಿನ ಹೊಳಪು ಕೆಲವು ನಿಮಿಷಗಳಲ್ಲಿ ಕರಗಿಹೋಗುತ್ತದೆ, ಬೆಚ್ಚಗಾದೊಡನೆ ಮರಳುತ್ತದೆ. ಕಾಲ್ಚಿಸಿನ್ ಎಂಬ ಔಷಧದಿಂದಲೂ ಅದು ಆರಿಹೋಗುತ್ತದೆ. ಹಾಗಾದರೆ ಈ ಹಗ್ಗಗಳು ಹೊಸೆದಿಟ್ಟ ಹಗ್ಗಗಳಲ್ಲ. ಬೇಕಾದಾಗ ಕೂಡಿ ಬೇಡವಾದಾಗ ಬಿಡಿಯಾಗುವ ಕಣಗಳ ಸಾಲು. ಈ ಮಾತನ್ನು ಅನೇಕರು ಸಂಶಯದಿಂದಲೇ ಕೇಳಿದರು. ೧೯೬೩ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕೆಲಸದಿಂದ ಎಳೆಗಳು ಸೂಕ್ಷ್ಮನಳಿಗೆಗಳೆಂಬುದು ಸ್ಥಿರಪಟ್ಟಿತು. ೧೯೬೭ರಲ್ಲಿ ಕಾಲ್ಚಿಸಿನ್ನು ಅಂಟಿಕೊಳ್ಳುವ ಪ್ರೋಟೀನನ್ನು ಬೋರಿಸಿ ಮತ್ತು ಟೇಲರ್ ಗುರುತಿಸಿದರು. ನಮ್ಮ ಅಂಗಳಗಳಲ್ಲಿ ಬೆಳೆಯುವ ನಿತ್ಯಪುಷ್ಪದಿಂದ ದೊರೆಯುವ ವಿನ್‌ಬ್ಲಾಸ್ಟಿನ್ ಎಂಬ ಅರ್ಬುದದ ಮದ್ದು ಸಹ ಈ ನಳಿಗೆಗಳನ್ನು ಕೂಡಗೊಡದೆಯೇ ಕೆಲಸಮಾಡುತ್ತದೆ.

ಈ ಬೆಳಕಿಗೂ ಮಿತಿಯುಂಟು. ಒಂದರ ಮೇಲೊಂದು ಅಡ್ಡಹಾಯ್ದ ಎರಡು ಸಮಾನ ಪದರಗಳು ಪರಸ್ಪರ ಅಳಿಸಿಹೋಗುತ್ತವೆ. ನಮ್ಮ ದೃಷ್ಟಿಗೆ ನೇರವಾಗಿ ನಿಂತ ನಾರು ಬೆಳಗುವುದೇ ಇಲ್ಲ. ಜರ್ಮನಿಯ ಯೂಲಿಷ್ ಸಂಶೋಧನಾ ಕೇಂದ್ರದಲ್ಲಿ ಮೆದುಳಿನ ನರತಂತುಗಳ ದಾರಿಯನ್ನು ಇದೇ ಬೆಳಕಿನಿಂದ ಗುರುತಿಸುವವರು, ಈ ಕಾರಣಕ್ಕಾಗಿ, ಬಣ್ಣವೇರಿಸದ ಸೀಳುಗಳನ್ನು ಹಲವು ಕಡೆಗೆ ಓರೆಮಾಡಿ ಮತ್ತೆ ಮತ್ತೆ ನೋಡುತ್ತಾರೆ.