ಪ್ರೌಢಶಾಲಾ ಇಂಗ್ಲಿಷ್ ತರಗತಿಗೆ ವಿದೇಶಿ ಚಲನಚಿತ್ರದ ಆಯ್ಕೆ: ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಶಿಕ್ಷಕರು ಹಾಗೂ ಪೋಷಕರಿಗೆ ಮಾಹಿತಿ

ಹಿನ್ನೆಲೆ

ಜಗತ್ತಿನ ಉತ್ತಮ ಚಲನಚಿತ್ರಗಳು ಮಲೆನಾಡಿನ ಗ್ರಾಮಸ್ಥರಿಗೆ ಹೊಸತಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಸ್ಥಾಪನೆಗೊಂಡ ನೀನಾಸಮ್ ಸಂಸ್ಥೆಯು 1973ರಲ್ಲಿ ಚಿತ್ರಸಮಾಜವನ್ನು ಆರಂಭಿಸಿತು. ಶ್ರೀ ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ವಿದೇಶಿ ಚಿತ್ರಗಳ ಪ್ರದರ್ಶನ ಹಾಗೂ ರಸಗ್ರಹಣ ಶಿಬಿರಗಳು ನಡೆದವು. ಚಿತ್ರವನ್ನು ನೋಡಿದರೆ ಸಾಲದು, ಕುಳಿತು ಚರ್ಚಿಸಬೇಕು ಎಂಬ ಆ ಕ್ರಮವು ತರಗತಿಗೂ ಅನ್ವಯಿಸುತ್ತದೆ.

ಆಯ್ಕೆಯ ಮಾನದಂಡಗಳು

ಚಿತ್ರದ ಖ್ಯಾತಿಗಿಂತ ಅದರಿಂದ ಮಗುವಿಗೆ ದೊರೆಯುವ ಇಂಗ್ಲಿಷ್ ಮುಖ್ಯ. ಸಬ್‌ಟೈಟಲ್ ಓದಲಾಗದ ಮಗು ಚಿತ್ರ ಮುಗಿಯುವವರೆಗೂ ಮೌನವಾಗಿ ಕುಳಿತು, ತನಗೆ ಇಂಗ್ಲಿಷ್ ಬಾರದೆಂಬ ಅಂಜಿಕೆಯನ್ನಷ್ಟೇ ಮನೆಗೆ ಒಯ್ಯುತ್ತದೆ. ಆದಕಾರಣ ಈ ಕೆಳಕಂಡ ಅಂಶಗಳನ್ನು ಗಮನಿಸುವುದು:

1. ಶಿಕ್ಷಕರು ಚಿತ್ರವನ್ನು ಪೂರ್ತಿಯಾಗಿ ಮುಂಚಿತವಾಗಿ ವೀಕ್ಷಿಸುವುದು.
2. ಧ್ವನಿ ನಿಲ್ಲಿಸಿ ನೋಡಿದರೂ ಕಥೆಯ ಎಳೆ ತಿಳಿಯುವಂತಿರಬೇಕು.
3. ಹತ್ತು ನಿಮಿಷಗಳ ಭಾಗವನ್ನು ಕೆಲವು ಮಕ್ಕಳಿಗೆ ತೋರಿಸಿ, ಸಬ್‌ಟೈಟಲ್ ಮರೆಯಾಗುವ ಮುನ್ನ ಅವರು ಓದಬಲ್ಲರೇ ಎಂದು ಪರೀಕ್ಷಿಸುವುದು.
4. ಎರಡು ಮೂರು ಅವಧಿಗಳಲ್ಲಿ ಮುಗಿಯುವಂತಿರಬೇಕು.

ಉದಾಹರಣೆಗಳು

ಎಂಟನೇ ತರಗತಿ: ಚಾರ್ಲಿ ಚಾಪ್ಲಿನ್ ಅವರ 'ದಿ ಕಿಡ್' (1921). ಮೂಕಿಚಿತ್ರವಾದುದರಿಂದ ಪರದೆಯ ಮೇಲೆ ಮೂಡುವ ಚಿಕ್ಕ ಇಂಗ್ಲಿಷ್ ವಾಕ್ಯಗಳನ್ನು ನಿಲ್ಲಿಸಿ ಓದಿಸಬಹುದು.

ಒಂಬತ್ತು ಮತ್ತು ಹತ್ತನೇ ತರಗತಿ: ಇರಾನಿನ ಮಾಜಿದ್ ಮಾಜಿದಿ ಅವರ 'ಚಿಲ್ಡ್ರನ್ ಆಫ್ ಹೆವನ್' (1997). ಅವಧಿ ಸುಮಾರು ಒಂದೂವರೆ ಗಂಟೆ. ತಂಗಿಯ ಶೂ ಕಳೆದ ಅಲಿ, ತನ್ನ ಜೊತೆಯನ್ನೇ ಆಕೆಯೊಡನೆ ಹಂಚಿಕೊಳ್ಳುತ್ತಾನೆ. ಮೂರನೇ ಬಹುಮಾನದ ಶೂಗಾಗಿ ಓಡಿ, ಮೊದಲನೆಯವನಾಗಿ ಗೆದ್ದು ದುಃಖಿಸುತ್ತಾನೆ. ಮಳೆಗಾಲದಲ್ಲಿ ದೂರ ನಡೆದು ಶಾಲೆಗೆ ಬರುವ ಮಗುವಿಗೆ ಈ ಕಥೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ಗೆದ್ದವನು ಏಕೆ ಅತ್ತನು ಎಂದು ಕೇಳಿ, 'ಬಿಕಾಸ್' ಎಂದು ಆರಂಭವಾಗುವ ಉತ್ತರವನ್ನು ಪ್ರತಿಯೊಬ್ಬರಿಂದ ಬರೆಸಬಹುದು. ಈ ಚಿತ್ರದ ಮಾತು ಪಾರ್ಸಿ ಭಾಷೆಯಲ್ಲಿದೆ. ಆದ್ದರಿಂದ ಇದು ಓದು ಮತ್ತು ಬರವಣಿಗೆಗೆ ಉಪಯುಕ್ತ, ಆಲಿಸುವಿಕೆಗಲ್ಲ.

ಆಲಿಸುವಿಕೆಗೆ: ನ್ಯೂಜಿಲೆಂಡಿನ 'ವೇಲ್ ರೈಡರ್' (2002). ಇದರ ಸಂಭಾಷಣೆ ಬಹುತೇಕ ಇಂಗ್ಲಿಷಿನಲ್ಲಿದೆ. ಪೂರ್ತಿ ಚಿತ್ರದ ಬದಲು ಆಯ್ದ ದೃಶ್ಯಗಳನ್ನು ಎರಡು ಬಾರಿ ಕೇಳಿಸುವುದು ಸೂಕ್ತ.

ಕಾನೂನಿನ ಅಂಶಗಳು

ಕೃತಿಸ್ವಾಮ್ಯ ಅಧಿನಿಯಮ, 1957ರ 52ನೇ ಪ್ರಕರಣದ ಮೇರೆಗೆ, ಶಾಲಾ ಚಟುವಟಿಕೆಯ ಅಂಗವಾಗಿ ಸಿಬ್ಬಂದಿ, ವಿದ್ಯಾರ್ಥಿಗಳು, ಪೋಷಕರು ಹಾಗೂ ಶಾಲೆಯ ಚಟುವಟಿಕೆಗೆ ನೇರ ಸಂಬಂಧವುಳ್ಳವರಿಗೆ ಮಾತ್ರ ಚಿತ್ರ ತೋರಿಸಲು ಅವಕಾಶವಿದೆ. ಊರಿನ ಸಾರ್ವಜನಿಕರಿಗೆ ಏರ್ಪಡಿಸುವ ಪ್ರದರ್ಶನವು ಇದರ ವ್ಯಾಪ್ತಿಗೆ ಬಾರದು. 'ಎ' ಪ್ರಮಾಣಪತ್ರದ ಚಿತ್ರವನ್ನು 18 ವರ್ಷದೊಳಗಿನವರಿಗೆ ತೋರಿಸುವಂತಿಲ್ಲ. ಅಧಿಕೃತ ಪ್ರತಿಯನ್ನೇ ಬಳಸುವುದು.

ಪೋಷಕರ ಗಮನಕ್ಕೆ

ತೋರಿಸಲಿರುವ ಚಿತ್ರದ ಹೆಸರು ಮತ್ತು ಉದ್ದೇಶವನ್ನು ಮುಖ್ಯೋಪಾಧ್ಯಾಯರಿಂದ ಕೇಳಿ ತಿಳಿಯಬಹುದು. ಚಿತ್ರ ನೋಡಿಬಂದ ಮಗುವಿಗೆ ಕಥೆಯನ್ನು ಮೊದಲು ಕನ್ನಡದಲ್ಲಿ ಹೇಳಲು ಅವಕಾಶ ನೀಡಿರಿ. ಕನ್ನಡದಲ್ಲಿ ಹೇಳಬಲ್ಲ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಯುವುದು ಸುಲಭ.