ನಿಖರ ಸಮಯಕ್ಕೆ ಅಗ್ಗದ ಜಿಪಿಎಸ್: ಏನು ನೋಡಿ ತಗೋಬೇಕು?

ಸರ್ವರ್ ಲಾಗ್ ಸಾಕ್ಷಿಯಾಗುವ ಕಾಲ ಇದು. ಆ ಗಡಿಯಾರ ಯಾರ ಕೈಲಿದೆ ಅನ್ನೋದು ರಾಜಕೀಯ ಪ್ರಶ್ನೆಯೇ. ಕಂಪನಿಗಳ ಗಡಿಯಾರ ಎನ್‌ಐಸಿ ಅಥವಾ ಎನ್‌ಪಿಎಲ್ ಸಮಯಕ್ಕೆ ಹೊಂದಿರಬೇಕೆಂದು ಸರ್ಟ್-ಇನ್ 2022ರಲ್ಲೇ ಆದೇಶಿಸಿದೆ. ಅದನ್ನು ನಾವೇ ತಾಳೆ ನೋಡಲು ಅಗ್ಗದ ಜಿಪಿಎಸ್ ರಿಸೀವರ್ ಸಾಕು.

ನಾನು ಮೊದಲು ನೋಡೋದು ಪಿಪಿಎಸ್ ಪಿನ್: ಸೆಕೆಂಡಿಗೊಂದು ಪಲ್ಸ್. ಯು-ಬ್ಲಾಕ್ಸ್ ನಿಯೋ-6ಎಂನಲ್ಲಿ ಇದರ ನಿಖರತೆ ಸುಮಾರು 30 ನ್ಯಾನೋಸೆಕೆಂಡ್. ಪಿನ್ ಇಲ್ಲದ ಯುಎಸ್‌ಬಿ ಡಾಂಗಲ್ ಬೇಡ. ಅದರಲ್ಲಿ ಸಮಯ ಮಿಲಿಸೆಕೆಂಡುಗಟ್ಟಲೆ ಹಿಂದೆಮುಂದೆ ಆಗುತ್ತೆ. ಪಿನ್ನನ್ನು ರಾಸ್ಪ್‌ಬೆರಿ ಪೈಗೆ ಜೋಡಿಸಿ, ಕ್ರೋನಿ ತಂತ್ರಾಂಶ ಹಾಕಿ. ಆಂಟೆನಾಗೆ ಆಕಾಶ ಕಾಣಬೇಕು. ಇನ್ನಷ್ಟು ಖರ್ಚು ಮಾಡಬಲ್ಲಿರಾದರೆ ಎಂ8ಟಿ: ತನ್ನ ಜಾಗ ಗೊತ್ತಾದ ಮೇಲೆ ಒಂದೇ ಉಪಗ್ರಹದಿಂದಲೂ ಸಮಯ ಕೊಡುತ್ತೆ.

ಜಿಪಿಎಸ್ ಅಮೆರಿಕ ಸೇನೆಯದ್ದು. ಹಾಗಾಗಿ ಗೆಲಿಲಿಯೋ, ನಾವಿಕ್ ಕೂಡ ಹಿಡಿಯುವ ರಿಸೀವರ್ ಸಿಕ್ಕರೆ ಅದೇ ವಾಸಿ. ಒಂದೇ ಗಡಿಯಾರ ನಂಬಬೇಡಿ, ಯಾವ ಸರ್ಕಾರದ್ದೇ ಇರಲಿ.